ಹಾಡ್ತಾ ಹಾಡ್ತಾ ರಾಗ: ಗುಣ ಬೆಳೆಯುವ ಬಗೆ

ಇತ್ತೀಚೆಗೆ ಒಂದು ಓದುಗರ ಕೂಟದಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಲ್ಲಿ ಹೇಳಲು ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನ ಬದುಕಿನಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ವರದಿಯಲ್ಲಿ ತಪ್ಪು ಅಂಕಿ ಸೇರಿತ್ತು. ಸೇರಿಸಿದವನು ನಾನು. ಆದರೆ ವರದಿಯನ್ನು ಕೊನೆಗೆ ಕಳಿಸಿದ್ದು ಹೊಸದಾಗಿ ಬಂದಿದ್ದ ಒಬ್ಬ ಹುಡುಗ. ಸಭೆಯಲ್ಲಿ ಎಲ್ಲರ ಎದುರು ಅವನಿಗೆ ಬೈಗುಳ ಬಿತ್ತು. ಅವನು ತಲೆ ತಗ್ಗಿಸಿ ಕೂತಿದ್ದ. ನಾನು ಎರಡು ಕುರ್ಚಿ ಆಚೆ ಇದ್ದೆ. ಬಾಯಿ ಬಿಡಲಿಲ್ಲ.

ಹೇಳಲೋ ಬೇಡವೋ ಎಂದು ನಾನು ಯೋಚಿಸಲೂ ಇಲ್ಲ. ಮಾತು ಬರಲೇ ಇಲ್ಲ, ಅಷ್ಟೇ. ಅರ್ಧ ನಿಮಿಷದಲ್ಲಿ ಸಭೆ ಮುಂದಿನ ವಿಷಯಕ್ಕೆ ಹೋಯಿತು. ಅಲ್ಲಿಯವರೆಗೆ ನಾನು ನನ್ನನ್ನು ಸತ್ಯವಂತ ಎಂದೇ ತಿಳಿದಿದ್ದೆ. ಸುಳ್ಳು ಹೇಳಬಾರದು ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ನಿಯಮ ಗೊತ್ತಿತ್ತು, ಕಾರಣವೂ ಗೊತ್ತಿತ್ತು. ಆದರೂ ಆ ಗಳಿಗೆಯಲ್ಲಿ ಯಾವುದೂ ಕೆಲಸಕ್ಕೆ ಬರಲಿಲ್ಲ. ಯಾಕೆ?

ಇದರ ಬಗ್ಗೆ ಬಹಳ ದಿನ ಯೋಚಿಸಿದೆ. ನಿಧಾನವಾಗಿ ಒಂದು ವಿಷಯ ಕಾಣತೊಡಗಿತು. ಅವತ್ತಿನ ಮೌನ ಅವತ್ತು ಹುಟ್ಟಿದ್ದಲ್ಲ. ತಡವಾಗಿ ಬಂದು ಇನ್ಯಾವುದೋ ಕಾರಣ ಕೊಟ್ಟಿದ್ದೆ. ಮೆಸೇಜ್ ನೋಡಿಯೂ ನೋಡಲಿಲ್ಲ ಅಂದಿದ್ದೆ. ಶುರುವೇ ಮಾಡದ ಕೆಲಸವನ್ನು ಮುಗಿಯುತ್ತಾ ಬಂತು ಅಂದಿದ್ದೆ. ಒಂದೊಂದೂ ಸಣ್ಣದು. ಯಾರಿಗೂ ನಷ್ಟ ಆಗಿರಲಿಲ್ಲ. ಆದರೆ ಇಕ್ಕಟ್ಟು ಬಂದ ತಕ್ಷಣ ಸತ್ಯದಿಂದ ಪಕ್ಕಕ್ಕೆ ಸರಿಯುವುದರಲ್ಲಿ ನಾನು ವರ್ಷಗಟ್ಟಲೆ ಪಳಗಿದ್ದೆ. ದೊಡ್ಡ ಇಕ್ಕಟ್ಟು ಬಂದಾಗ ಪಳಗಿದ್ದೇ ಹೊರಗೆ ಬಂತು.

ನಮ್ಮಲ್ಲಿ ಒಂದು ಗಾದೆ ಇದೆ: ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ಸಾಮಾನ್ಯವಾಗಿ ಮೊದಲರ್ಧವನ್ನು ಮಕ್ಕಳಿಗೆ ಹೇಳಿ ಸುಮ್ಮನಾಗುತ್ತೇವೆ. ನನಗೆ ಎರಡನೆಯ ಅರ್ಧ ಹೆಚ್ಚು ಮುಖ್ಯ ಅನ್ನಿಸುತ್ತದೆ. ಅಭ್ಯಾಸ ಎರಡೂ ಕಡೆಗೆ ಕೆಲಸ ಮಾಡುತ್ತದೆ. ನಾವು ಅಭ್ಯಾಸ ಮಾಡುತ್ತಿದ್ದೇವೆ ಎಂದು ನಮಗೇ ತಿಳಿಯದಿದ್ದಾಗಲೂ ಮಾಡುತ್ತದೆ.

ಸರಿಸುಮಾರು ಇದೇ ಮಾತನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದಾನೆ. ಕ್ರಿ.ಪೂ. 384ರಲ್ಲಿ ಹುಟ್ಟಿದವನು, ತನ್ನ ಗುರು ಪ್ಲೇಟೋನ ಅಕಾಡೆಮಿ ಎಂಬ ಶಾಲೆಯಲ್ಲಿ ಸುಮಾರು ಇಪ್ಪತ್ತು ವರ್ಷ ಇದ್ದವನು. ನಿಕೊಮಾಕಿಯನ್ ಎಥಿಕ್ಸ್ ಎಂದು ಈಗ ನಾವು ಕರೆಯುವ ಗ್ರಂಥದ ಎರಡನೆಯ ಭಾಗದಲ್ಲಿ ತಂತಿವಾದ್ಯದ ಉದಾಹರಣೆ ಕೊಡುತ್ತಾನೆ. ವಾದ್ಯ ನುಡಿಸಿ ನುಡಿಸಿಯೇ ಒಳ್ಳೆಯ ವಾದಕರು ಆಗುತ್ತಾರೆ. ಕೆಟ್ಟ ವಾದಕರು ಆಗುವುದೂ ನುಡಿಸಿ ನುಡಿಸಿಯೇ. ಮನೆ ಕಟ್ಟುವವರ ಕತೆಯೂ ಹಾಗೇ. ಧೈರ್ಯದ ಕೆಲಸ ಮಾಡುತ್ತಾ ಧೈರ್ಯವಂತರಾಗುತ್ತೇವೆ, ಹೆದರಿ ಹಿಂದೆ ಸರಿಯುತ್ತಾ ಹೇಡಿಗಳಾಗುತ್ತೇವೆ. ಗ್ರೀಕಿನಲ್ಲಿ ಗುಣಕ್ಕೆ ಸಂಬಂಧಿಸಿದ ಪದವೂ ಅಭ್ಯಾಸ ಎಂಬ ಪದವೂ ಹತ್ತಿರದ ನಂಟರು ಎಂದೂ ಅವನು ತೋರಿಸುತ್ತಾನೆ.

ಈ ದಾರಿಯ ಚಿಂತನೆಗೆ ಸದ್ಗುಣ ನೀತಿ ಎಂದು ಹೆಸರು. ಉಳಿದ ದಾರಿಗಳಿಗಿಂತ ಇದು ಹೇಗೆ ಬೇರೆ ಎಂದು ಚಿಕ್ಕದಾಗಿ ಹೇಳುತ್ತೇನೆ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಮಾದರಿಯಲ್ಲಿ ಯೋಚಿಸಿದರೆ, ಇಲ್ಲಿ ನನ್ನ ಕರ್ತವ್ಯ ಏನು ಎಂದು ಕೇಳುತ್ತೇವೆ. ಇಂಗ್ಲೆಂಡಿನ ಚಿಂತಕರಾದ ಬೆಂಥಮ್, ಮಿಲ್ ಮಾದರಿಯಲ್ಲಿ, ಯಾವುದರಿಂದ ಎಲ್ಲರಿಗೂ ಹೆಚ್ಚು ಒಳ್ಳೆಯದಾಗುತ್ತದೆ ಎಂದು ಕೇಳುತ್ತೇವೆ. ಎರಡೂ ಒಳ್ಳೆಯ ಪ್ರಶ್ನೆಗಳು, ನಾನು ಅವನ್ನು ಬಿಡಿ ಅನ್ನುವುದಿಲ್ಲ. ಸದ್ಗುಣ ನೀತಿ ಇನ್ನೂ ಹಿಂದಿನಿಂದ ಶುರು ಮಾಡುತ್ತದೆ. ನಾನು ಎಂಥ ಮನುಷ್ಯನಾಗುತ್ತಿದ್ದೇನೆ ಎಂದು ಕೇಳುತ್ತದೆ.

ಈ ಪ್ರಶ್ನೆ ಪಶ್ಚಿಮದ ತತ್ತ್ವಶಾಸ್ತ್ರದಲ್ಲಿ ಬಹಳ ಕಾಲ ಹಿಂದೆ ಸರಿದಿತ್ತು. 1958ರಲ್ಲಿ ಬ್ರಿಟನ್ನಿನ ಚಿಂತಕಿ ಎಲಿಜಬೆತ್ ಆನ್ಸ್‌ಕಂಬ್ ಬರೆದ ಒಂದು ಪ್ರಬಂಧ ಅದನ್ನು ಮತ್ತೆ ಮುಂದೆ ತಂದಿತು. ಆಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದಕ್ಕೆ ಎರಡು ವರ್ಷ ಮೊದಲು, 1956ರಲ್ಲಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅಮೆರಿಕದ ಮಾಜಿ ಅಧ್ಯಕ್ಷ ಟ್ರೂಮನ್ ಅವರಿಗೆ ಗೌರವ ಪದವಿ ಕೊಡಲು ಹೊರಟಿತ್ತು. ಹಿರೋಷಿಮಾ, ನಾಗಸಾಕಿಯ ಮೇಲೆ ಬಾಂಬ್ ಹಾಕಿಸಿದವರಿಗೆ ಗೌರವ ಬೇಡ ಎಂದು ಆಕೆ ಸಭೆಯಲ್ಲೇ ಎದ್ದು ವಿರೋಧಿಸಿದರು. ಜೊತೆಗೆ ನಿಂತವರು ಬೆರಳೆಣಿಕೆಯಷ್ಟು ಜನ. ಪದವಿ ಕೊಟ್ಟಿದ್ದೂ ಆಯಿತು. ನನ್ನ ಸಭೆಯ ನೆನಪು ಇಟ್ಟುಕೊಂಡು ಇದನ್ನು ಓದಿದಾಗ ನನಗೆ ಏನನ್ನಿಸಿರಬಹುದು, ನೀವೇ ಊಹಿಸಿ.

ಆ ಪ್ರಶ್ನೆ ಯಾಕೆ ಬೇಕು ಎಂಬುದಕ್ಕೆ ಮೈಕಲ್ ಸ್ಟಾಕರ್ ಎಂಬ ಚಿಂತಕ 1976ರಲ್ಲಿ ಕೊಟ್ಟ ಒಂದು ಉದಾಹರಣೆ ಇದೆ. ನೀವು ಆಸ್ಪತ್ರೆಯಲ್ಲಿ ಮಲಗಿದ್ದೀರಿ. ಬೇಸರ ಕಾಡುತ್ತಿದೆ. ಗೆಳೆಯ ನೋಡಲು ಬರುತ್ತಾನೆ. ನಿಮಗೆ ಖುಷಿಯಾಗಿ, ಎಷ್ಟು ದೂರದಿಂದ ಬಂದೆ ಅನ್ನುತ್ತೀರಿ. ಅವನು, ಇದು ನನ್ನ ಕರ್ತವ್ಯ, ಅದಕ್ಕೇ ಬಂದೆ ಅನ್ನುತ್ತಾನೆ. ಸಂಕೋಚಕ್ಕೆ ಹೀಗೆ ಹೇಳುತ್ತಿದ್ದಾನೆ ಎಂದು ನೀವು ಮೊದಲು ಅಂದುಕೊಳ್ಳುತ್ತೀರಿ. ಆಮೇಲೆ ಅವನು ನಿಜವನ್ನೇ ಹೇಳುತ್ತಿದ್ದಾನೆ ಎಂದು ಗೊತ್ತಾಗುತ್ತದೆ. ಆಗ ಏನೋ ಕಡಿಮೆಯಾದ ಹಾಗೆ ಅನ್ನಿಸುತ್ತದೆ ಅಲ್ವಾ? ಅವನು ಮಾಡಿದ್ದರಲ್ಲಿ ತಪ್ಪಿಲ್ಲ. ಆದರೆ ನಿಮಗೆ ಬೇಕಿದ್ದದ್ದು ನಿಮ್ಮ ಮೇಲಿನ ಪ್ರೀತಿಯಿಂದ ಬಂದ ಗೆಳೆಯ.

ಅಂದರೆ ಗುಣ ಎಂಬುದು ಬರೀ ಕೈ ಮಾಡುವ ಕೆಲಸದಲ್ಲಿ ಮುಗಿಯುವುದಿಲ್ಲ. ಅದರಲ್ಲಿ ಕಣ್ಣಿಗೆ ಏನು ಬೀಳುತ್ತದೆ ಎಂಬುದಿದೆ, ಮನಸ್ಸಿಗೆ ಏನನ್ನಿಸುತ್ತದೆ ಎಂಬುದಿದೆ. ಕರುಣೆ ಇರುವವರಿಗೆ, ಸುಸ್ತಾಗಿ ನಿಂತಿರುವ ಮನುಷ್ಯ ಮೊದಲು ಕಾಣುತ್ತಾನೆ. ಉಳಿದವರಿಗೆ, ಪಕ್ಕದಲ್ಲೇ ಇದ್ದರೂ ಅವನು ಕಾಣುವುದಿಲ್ಲ. ಕಾಣದಿದ್ದರೆ ನಿಯಮ ನೆನಪಾಗುವುದಾದರೂ ಯಾವಾಗ?

ಒಂದು ಸಣ್ಣ ಸನ್ನಿವೇಶ ತೆಗೆದುಕೊಳ್ಳಿ. ಅಂಗಡಿಯಲ್ಲಿ ಚಿಲ್ಲರೆ ಜಾಸ್ತಿ ಕೊಟ್ಟಿದ್ದಾರೆ. ನಿಮಗೆ ಹೊರಗೆ ಬಂದಮೇಲೆ ಗೊತ್ತಾಗಿದೆ. ಒಬ್ಬರು, ಓಹ್, ತಪ್ಪಾಗಿದೆ ಎಂದು ಸಹಜವಾಗಿ ತಿರುಗುತ್ತಾರೆ. ಅವರ ಮನಸ್ಸಿನಲ್ಲಿ ಜಗಳವೇ ಇಲ್ಲ. ಇನ್ನೊಬ್ಬರಿಗೆ ಇಟ್ಟುಕೊಳ್ಳುವ ಆಸೆ ಆಗುತ್ತದೆ. ಅದನ್ನು ಅದುಮಿ ವಾಪಸ್ ಕೊಡುತ್ತಾರೆ. ಮೂರನೆಯವರಿಗೆ ತಪ್ಪು ಎಂದು ಗೊತ್ತು, ಆದರೂ ಇಟ್ಟುಕೊಂಡು, ದಾರಿಯುದ್ದಕ್ಕೂ ಕಸಿವಿಸಿ ಪಡುತ್ತಾರೆ. ನಾಲ್ಕನೆಯವರಿಗೆ ಕಸಿವಿಸಿಯೂ ಇಲ್ಲ. ಕೊಟ್ಟವರ ತಪ್ಪು, ನನಗೇನು ಅನ್ನುತ್ತಾರೆ.

ಅರಿಸ್ಟಾಟಲ್ ಈ ನಾಲ್ಕೂ ಸ್ಥಿತಿಗಳನ್ನು ಬೇರೆ ಬೇರೆಯಾಗಿ ನೋಡುತ್ತಾನೆ. ನಾವು ಸಾಮಾನ್ಯವಾಗಿ ಎರಡನೆಯವರನ್ನು ಹೆಚ್ಚು ಮೆಚ್ಚುತ್ತೇವೆ, ಎಷ್ಟು ಕಷ್ಟಪಟ್ಟು ಗೆದ್ದರು ಎಂದು. ಅವನು ಮೊದಲನೆಯವರನ್ನು ಮೇಲೆ ಇಡುತ್ತಾನೆ. ಸಭೆಯ ಗಳಿಗೆಯಲ್ಲಿ ನಾನಿದ್ದದ್ದು ಮೂರನೆಯ ಜಾಗದಲ್ಲಿ. ಅಲ್ಲಿಂದ ಎರಡಕ್ಕೆ ಬಂದರೂ ದೊಡ್ಡ ವಿಷಯವೇ. ಹಾಗೆ ಬರುವುದಕ್ಕೆ ಬಹಳ ಸಮಯ ಬೇಕು. ಚೀನಾದ ಚಿಂತಕ ಕನ್ಫ್ಯೂಷಿಯಸ್ ತನ್ನ ಬದುಕನ್ನು ಹೀಗೆ ವಿವರಿಸಿದ್ದಾಗಿ ಅವನ ಶಿಷ್ಯರ ಸಂಗ್ರಹದಲ್ಲಿದೆ: 15ಕ್ಕೆ ಕಲಿಕೆಯಲ್ಲಿ ಮನಸ್ಸಿಟ್ಟ, 30ಕ್ಕೆ ಕಾಲ ಮೇಲೆ ನಿಂತ. ಮನಸ್ಸು ಬಯಸಿದ್ದನ್ನೇ ಮಾಡಿದರೂ ಗೆರೆ ದಾಟದ ಹಾಗಾದದ್ದು 70ಕ್ಕೆ. ನಮಗೆ ಒಂದು ತಿಂಗಳಲ್ಲಿ ಕೋಪ ಹೋಗಲಿಲ್ಲ ಎಂದು ಬೇಸರಪಟ್ಟುಕೊಳ್ಳುವಾಗ ನಾನು ಈ 70ನ್ನು ನೆನೆಸಿಕೊಳ್ಳುತ್ತೇನೆ.

ಈಗ ಹದದ ವಿಷಯ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇದನ್ನು ತಪ್ಪು ತಿಳಿಯುವವರು ಜಾಸ್ತಿ.

ಪ್ರತಿ ಗುಣವೂ ಎರಡು ಅತಿಗಳ ನಡುವೆ ಇದೆ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಧೈರ್ಯ. ಜಿಪುಣತನಕ್ಕೂ ದುಂದಿಗೂ ನಡುವೆ ಉದಾರತೆ. ಇದನ್ನು ಕೇಳಿದವರು, ಓ, ಎಲ್ಲದರಲ್ಲೂ ಅರ್ಧರ್ಧ ಇರಬೇಕು ಎಂದುಕೊಳ್ಳುತ್ತಾರೆ. ಸ್ವಲ್ಪ ಕೋಪ, ಸ್ವಲ್ಪ ತಾಳ್ಮೆ, ಯಾವಾಗಲೂ ಬೆಚ್ಚಗೆ. ಅದು ಅವನ ಮಾತಲ್ಲ. ಅವನೇ ಒಂದು ಲೆಕ್ಕ ಕೊಡುತ್ತಾನೆ. ಊಟದ ಅಳತೆಯಲ್ಲಿ 10 ಹೆಚ್ಚು, 2 ಕಡಿಮೆ ಅಂದುಕೊಳ್ಳಿ. ಲೆಕ್ಕದ ನಡುಭಾಗ 6. ಹಾಗಂತ ಎಲ್ಲರಿಗೂ 6 ಬಡಿಸಿದರೆ ಆಗುತ್ತದೆಯೇ? ಮಿಲೋ ಎಂಬ ಹೆಸರಾಂತ ಪೈಲ್ವಾನನಿಗೆ ಅದು ಸಾಲದು. ಈಗಷ್ಟೇ ಕಸರತ್ತು ಶುರು ಮಾಡಿದವನಿಗೆ ಅದೇ ಹೆಚ್ಚು.

ಇದಕ್ಕೆ ನಡು ಎಂಬ ಪದ ಸಾಲುವುದಿಲ್ಲ. ಕನ್ನಡದಲ್ಲಿ ಹದ ಎಂಬ ಪದ ಇದೆ. ಅರಿಸ್ಟಾಟಲ್ ಹೇಳಲು ಹೊರಟಿದ್ದಕ್ಕೆ ಇಷ್ಟು ಚೆನ್ನಾಗಿ ಹೊಂದುವ ಪದ ಬೇರೆ ಭಾಷೆಗಳಲ್ಲಿ ಸುಲಭವಾಗಿ ಸಿಗಲಾರದು ಎಂದು ನನ್ನ ನಂಬಿಕೆ. ಕಬ್ಬಿಣ ಕಾಸುವವರಿಗೆ ಹದ ಗೊತ್ತು. ಮಣ್ಣು ಕಲಸುವವರಿಗೆ ಹದ ಗೊತ್ತು. ಅದನ್ನು ಅಳತೆಪಟ್ಟಿ ಇಟ್ಟು ಹೇಳಲು ಬರುವುದಿಲ್ಲ. ಕೈಗೆ ತಿಳಿಯುತ್ತದೆ. ಆ ತಿಳಿವು ಬಂದಿರುವುದೂ ಎಷ್ಟೋ ಸಲ ಹದ ತಪ್ಪಿಸಿದ ಮೇಲೆ.

ಕೋಪವನ್ನೇ ನೋಡಿ. ಸಿಟ್ಟಾಗುವುದು ಯಾರಿಗಾದರೂ ಸುಲಭ. ಸರಿಯಾದ ವ್ಯಕ್ತಿಯ ಮೇಲೆ, ಸರಿಯಾದ ಕಾರಣಕ್ಕೆ, ಸರಿಯಾದ ಸಮಯದಲ್ಲಿ, ಬೇಕಾದಷ್ಟೇ ಸಿಟ್ಟಾಗುವುದು ಕಷ್ಟ ಎಂಬುದು ಅವನ ಮಾತಿನ ಸಾರ. ಕೆಲವೊಮ್ಮೆ ಆ ಹದ ಜೋರು ಕೋಪವೇ ಆಗಿರುತ್ತದೆ. ಕಣ್ಣೆದುರು ಒಂದು ಮಗುವಿಗೆ ಹೊಡೆಯುತ್ತಿದ್ದಾರೆ. ಅಲ್ಲಿ ನಿಂತು ತಣ್ಣಗೆ ಮುಗುಳ್ನಗುವವರನ್ನು ತಾಳ್ಮೆಯವರು ಅನ್ನಲಾಗುವುದಿಲ್ಲ. ಅವರಲ್ಲಿ ಏನೋ ಇರಬೇಕಾದ್ದು ಇಲ್ಲ.

ಹದ ಹಿಡಿಯಲು ಅವನು ಕೊಡುವ ಉಪಾಯ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ನಿಮ್ಮ ಮನಸ್ಸು ಯಾವ ಕಡೆಗೆ ವಾಲುತ್ತದೆ ಎಂದು ಮೊದಲು ನೋಡಿಕೊಳ್ಳಿ. ಆಮೇಲೆ ಎದುರು ದಿಕ್ಕಿಗೆ ಎಳೆಯಿರಿ, ಬಾಗಿದ ಮರವನ್ನು ನೆಟ್ಟಗೆ ಮಾಡುವವರು ಮಾಡುವ ಹಾಗೆ. ಹಾಗಾಗಿ ಒಂದೇ ಸಲಹೆ ಎಲ್ಲರಿಗೂ ಆಗುವುದಿಲ್ಲ. ಹೊಂದಿಕೊಂಡು ಹೋಗು ಎಂಬ ಮಾತು ಜಗಳಗಂಟರಿಗೆ ಔಷಧಿ. ನನ್ನಂಥ ಬಾಯಿಮುಚ್ಚುವವರಿಗೆ ಅದು ರೋಗವನ್ನೇ ಬೆಳೆಸುತ್ತದೆ. ಫಿಲಿಪಾ ಫುಟ್ ಎಂಬ ಚಿಂತಕಿಯೂ ಗುಣಗಳು ತಿದ್ದುವಂಥವು ಎಂದು ಬರೆದಿದ್ದಾರೆ. ಮನುಷ್ಯರು ಎಲ್ಲಿ ಎಡವುವುದು ಸಹಜವೋ ಅಲ್ಲೇ ಒಂದೊಂದು ಗುಣ ನಿಂತಿದೆ. ಭಯ ಇರುವುದರಿಂದಲೇ ಧೈರ್ಯಕ್ಕೆ ಕೆಲಸ. ಟ್ರಾಲಿ ಸಮಸ್ಯೆ ಕೇಳಿರುತ್ತೀರಿ, ಹಳಿ ಬದಲಿಸಿ ಐವರನ್ನು ಉಳಿಸಲು ಒಬ್ಬರನ್ನು ಸಾಯಗೊಡಬಹುದೇ ಎಂಬುದು. 1967ರಲ್ಲಿ ಅದನ್ನು ಮುಂದಿಟ್ಟವರೂ ಇವರೇ.

ಆದರೆ ಎಷ್ಟು ಎಳೆಯಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವವರು ಯಾರು? ಅದಕ್ಕೆ ಇನ್ನೊಂದು ಬೇಕು, ವಿವೇಕ. ವಿವೇಕ ಇಲ್ಲದ ಕರುಣೆ ಬೇರೆಯವರ ಮಗುವಿನ ಹೋಂವರ್ಕ್ ಮಾಡಿಕೊಡುತ್ತದೆ. ವಿವೇಕ ಇಲ್ಲದ ಸತ್ಯ ನೊಂದವರ ಎದುರು ಅವರ ತಪ್ಪುಗಳ ಪಟ್ಟಿ ಓದುತ್ತದೆ. ಎಳೆಯರು ಗಣಿತದಲ್ಲಿ ಜಾಣರಾಗಬಹುದು, ಆದರೆ ವಿವೇಕಕ್ಕೆ ಅನುಭವ ಬೇಕು, ಅನುಭವಕ್ಕೆ ಕಾಲ ಬೇಕು ಎನ್ನುತ್ತಾನೆ ಅರಿಸ್ಟಾಟಲ್. ಗುಣ ಕಲಿಸುವ ಕೋರ್ಸ್ ಒಂದನ್ನು ಮುಗಿಸಿ ಪ್ರಮಾಣಪತ್ರ ತೆಗೆದುಕೊಳ್ಳಲು ಆಗದಿರುವುದು ಇದಕ್ಕೇ.

ಇಷ್ಟು ಹೇಳಿದ ಮೇಲೆ ಒಂದು ಗಟ್ಟಿ ಆಕ್ಷೇಪವನ್ನು ಎದುರಿಸಲೇಬೇಕು. ಗುಣ ಎಂಬುದು ನಿಜವಾಗಿಯೂ ಇದೆಯೇ?

1920ರ ದಶಕದಲ್ಲಿ ಹಾರ್ಟ್‌ಷೋರ್ನ್ ಮತ್ತು ಮೇ ಎಂಬ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಸಾವಿರಾರು ಮಕ್ಕಳನ್ನು ಪರೀಕ್ಷಿಸಿದರು. ನಕಲು ಮಾಡಲು, ಸುಳ್ಳು ಹೇಳಲು, ದುಡ್ಡು ಎತ್ತಿಕೊಳ್ಳಲು ಅವಕಾಶ ಇರುವ ಹಾಗೆ ಬೇರೆ ಬೇರೆ ಸನ್ನಿವೇಶ ಮಾಡಿದರು. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆಯೂ ಹಾಗೇ ಇರುತ್ತದೆ ಎಂದು ಹೇಳಲು ಆಗಲಿಲ್ಲ. ಎರಡಕ್ಕೂ ಇದ್ದ ನಂಟು ತೀರ ಸಡಿಲವಾಗಿತ್ತು.

1973ರಲ್ಲಿ ಪ್ರಕಟವಾದ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳ ಪ್ರಯೋಗ ಇನ್ನೂ ಚುಚ್ಚುತ್ತದೆ. ಪ್ರಿನ್ಸ್‌ಟನ್‌ನಲ್ಲಿ ಧರ್ಮಗುರುಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಸಣ್ಣ ಭಾಷಣ ಮಾಡಬೇಕಿತ್ತು. ಕೆಲವರಿಗೆ ಕೊಟ್ಟ ವಿಷಯ, ಬೈಬಲಿನಲ್ಲಿ ಬರುವ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಒಳ್ಳೆಯ ಸಮಾರಿಯದವನ ಕತೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೆಮ್ಮುತ್ತಾ ನರಳುತ್ತಿದ್ದ. ಅವನನ್ನು ಅಲ್ಲಿ ಬೇಕೆಂದೇ ಕೂರಿಸಲಾಗಿತ್ತು. ಸಮಯ ಇದೆ ಎಂದು ಹೇಳಿಸಿಕೊಂಡವರಲ್ಲಿ ಶೇಕಡಾ 63ರಷ್ಟು ಜನ ನಿಂತು ನೆರವಾದರು. ಆಗಲೇ ತಡವಾಗಿದೆ, ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ನಿಂತವರು ಶೇಕಡಾ 10 ಮಾತ್ರ. ಸಮಾರಿಯದವನ ಕತೆಯನ್ನೇ ತಲೆಯಲ್ಲಿ ಹೊತ್ತು ಹೋಗುತ್ತಿದ್ದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ಇದನ್ನು ಹಿಡಿದು ಕೆಲವು ಚಿಂತಕರು, ಗುಣ ಎಂಬುದೆಲ್ಲ ನಮ್ಮ ಕಲ್ಪನೆ, ಸನ್ನಿವೇಶವೇ ಎಲ್ಲ ಅಂದರು. ನಾನು ಆ ತೀರ್ಮಾನಕ್ಕೆ ಬರುವುದಿಲ್ಲ. ಆದರೆ ಪ್ರಯೋಗವನ್ನು ತಳ್ಳಿಹಾಕುವುದೂ ಇಲ್ಲ. ಅದು ಕಲಿಸುವುದು ಎರಡು. ಗಟ್ಟಿಯಾದ ಗುಣ ನಾವು ಅಂದುಕೊಂಡಿದ್ದಕ್ಕಿಂತ ಅಪರೂಪ. ಒಳ್ಳೆಯತನ ಜನರಲ್ಲಿ ಎಲ್ಲೆಲ್ಲೂ ತುಂಬಿದೆ ಎಂದು ಅರಿಸ್ಟಾಟಲ್ ಕೂಡ ಎಲ್ಲೂ ಹೇಳಿಲ್ಲ. ಎರಡನೆಯದು, ಅವಸರ ನಮ್ಮ ಕಣ್ಣನ್ನೇ ಕಟ್ಟುತ್ತದೆ. ಅವಸರದಲ್ಲಿ ಹೋದ ಕೆಲವರಿಗೆ ಆ ಮನುಷ್ಯ ಕಷ್ಟದಲ್ಲಿದ್ದಾನೆ ಎಂದು ಆ ಗಳಿಗೆಯಲ್ಲಿ ತೋಚಿರಲೂ ಇಲ್ಲ. ಹಾಗಿದ್ದರೆ ನನ್ನ ದಿನವನ್ನು ಉಸಿರು ಬಿಡಲು ಜಾಗವಿಲ್ಲದ ಹಾಗೆ ತುಂಬಿಕೊಳ್ಳುವುದೂ ಗುಣದ ವಿಷಯವೇ. ನಾಲ್ಕು ಗಂಟೆಗೆ ಕರುಣೆ ಬೇಕಾದರೆ ಮೂರೂಮುಕ್ಕಾಲಿಗೆ ಹೊರಡಬೇಕು. ಇದನ್ನು ನಾನು ಪೂರ್ತಿ ಮನಸ್ಸಿನಿಂದ ಹೇಳುತ್ತಿದ್ದೇನೆ. ತಡವಾಗದ ಹಾಗೆ ಹೊರಡಲು ಶುರು ಮಾಡಿದ ಮೇಲೆ ನಾನು ಸುಳ್ಳು ಹೇಳುವುದೂ ಕಡಿಮೆಯಾಯಿತು, ಯಾಕೆಂದರೆ ನನ್ನ ಅರ್ಧ ಸುಳ್ಳುಗಳು ತಡವಾದದ್ದಕ್ಕೇ ಹುಟ್ಟುತ್ತಿದ್ದವು.

ಮಾಡುವುದು ಹೇಗೆ ಎಂದು ಕೇಳುವವರಿಗೆ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ನೆನಪಾಗಬಹುದು. 13 ಗುಣಗಳ ಪಟ್ಟಿ ಮಾಡಿ, ವಾರಕ್ಕೆ ಒಂದರಂತೆ ಗಮನ ಕೊಟ್ಟು, ತಪ್ಪಿದಾಗಲೆಲ್ಲ ಪುಸ್ತಕದಲ್ಲಿ ಚುಕ್ಕೆ ಇಡುತ್ತಿದ್ದ. ವರ್ಷಕ್ಕೆ ನಾಲ್ಕು ಸುತ್ತು. ನಾನೂ ಅಂಥದ್ದನ್ನು ಪ್ರಯತ್ನಿಸಿದೆ. ಚುಕ್ಕೆ ಕಡಿಮೆ ಮಾಡುವುದೇ ಗುರಿಯಾಗಿ, ಎದುರಿಗಿರುವ ಮನುಷ್ಯ ಮರೆತುಹೋಗತೊಡಗಿದ. ಬಿಟ್ಟೆ. ಅಭ್ಯಾಸ ಕೂರಲು ಇಂತಿಷ್ಟು ದಿನ ಎಂಬ ಮಾತನ್ನೂ ಕೇಳಿರುತ್ತೀರಿ. 66 ದಿನ ಎಂಬ ಅಂಕಿ ಬಂದ ಅಧ್ಯಯನದಲ್ಲೇ ಅದು 18ರಿಂದ 254 ದಿನಗಳವರೆಗೆ ಹರಡಿತ್ತು. ಅದೂ ನೀರು ಕುಡಿಯುವಂಥ ಸರಳ ಕೆಲಸಗಳಿಗೆ. ಪ್ರಾಮಾಣಿಕತೆ ನೀರು ಕುಡಿದಂತಲ್ಲ, ಅದಕ್ಕೆ ಪ್ರತಿ ಸಲವೂ ಎಚ್ಚರ ಬೇಕು.

ನನಗೆ ಕೆಲಸ ಮಾಡಿದ್ದು ಇನ್ನೂ ಸರಳ. ನನ್ನ ಮನಸ್ಸು ವಾಲುವ ಒಂದೇ ದಿಕ್ಕನ್ನು ಹಿಡಿದೆ, ಇಕ್ಕಟ್ಟಿನಲ್ಲಿ ಸುಮ್ಮನಾಗುವುದು. ದೊಡ್ಡ ಗಳಿಗೆಗೆ ಕಾಯದೆ ಸಣ್ಣ ಗಳಿಗೆಗಳಲ್ಲೇ ಎದುರು ದಿಕ್ಕಿಗೆ ಎಳೆಯತೊಡಗಿದೆ. ಮೆಸೇಜ್ ನೋಡಿದ್ದೆ, ಉತ್ತರ ಕೊಡಲಿಲ್ಲ, ತಪ್ಪಾಯಿತು. ಕೆಲಸ ಇನ್ನೂ ಶುರು ಮಾಡಿಲ್ಲ. ಈ ಅಂಕಿ ನನ್ನದು. ಮೊದಮೊದಲು ಇಷ್ಟು ಹೇಳಲೂ ಗಂಟಲು ಕಟ್ಟುತ್ತಿತ್ತು. ಈಗ ಅಷ್ಟಿಲ್ಲ. ಜೊತೆಗೆ ಒಬ್ಬ ಗೆಳತಿಯ ನೆರವು ಇತ್ತು. ನಾನು ಜಾರಿಕೊಳ್ಳುವುದನ್ನು ನೋಡಿದರೆ ನನ್ನ ಮುಖಕ್ಕೇ ಹೇಳುವವಳು. ಅರಿಸ್ಟಾಟಲ್ ತನ್ನ ಗ್ರಂಥದ ಹತ್ತು ಭಾಗಗಳಲ್ಲಿ ಎರಡನ್ನು ಪೂರ್ತಿ ಗೆಳೆತನಕ್ಕೆ ಕೊಟ್ಟಿದ್ದಾನೆ. ಯಾಕೆ ಎಂದು ನನಗೆ ಆಗ ಅರ್ಥವಾಯಿತು.

ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬರು ಕೇಳಿದರು: ಮನಸ್ಸಿನಲ್ಲಿ ಇಲ್ಲದ ತಾಳ್ಮೆಯನ್ನು ತೋರಿಸುವುದು ನಾಟಕ ಅಲ್ವಾ? ನಾಟಕಕ್ಕೂ ಅಭ್ಯಾಸಕ್ಕೂ ವ್ಯತ್ಯಾಸ ಇರುವುದು ಉದ್ದೇಶದಲ್ಲಿ. ಅಲಸ್ಡೇರ್ ಮ್ಯಾಕಿಂಟೈರ್ ಎಂಬ ಚಿಂತಕರು 1981ರಲ್ಲಿ ಚದುರಂಗ ಕಲಿಯುವ ಮಗುವಿನ ಉದಾಹರಣೆ ಕೊಟ್ಟರು. ಆಡಿದರೆ ಮಿಠಾಯಿ ಕೊಡುತ್ತೇನೆ ಎಂದು ಮಗುವನ್ನು ಕೂರಿಸುತ್ತೀರಿ. ಮಿಠಾಯಿಗಾಗಿ ಆಡುವವರೆಗೆ ಮೋಸ ಮಾಡಲು ಅದಕ್ಕೆ ಕಾರಣ ಇದೆ. ಆಡುತ್ತಾ ಆಡುತ್ತಾ ಆಟದ ಸೊಗಸೇ ಹಿಡಿಸಿಬಿಟ್ಟರೆ, ಮೋಸ ಮಾಡಿ ಗೆದ್ದರೆ ಸೋಲುವುದು ತಾನೇ ಎಂದು ಅದಕ್ಕೆ ಗೊತ್ತಾಗುತ್ತದೆ. ತಾಳ್ಮೆಯೂ ಹೊರಗಿನಿಂದ ಶುರುವಾಗಬಹುದು. ಆದರೆ ಆ ಹೊತ್ತಿನಲ್ಲಿ ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳಬೇಕು. ಹಲ್ಲು ಕಚ್ಚಿ ಗಡಿಯಾರ ನೋಡುತ್ತಿದ್ದರೆ ಪಳಗುವುದು ಹಲ್ಲು ಕಚ್ಚುವುದೇ.

ಇನ್ನೊಬ್ಬರು ಖಾರವಾಗಿಯೇ ಕೇಳಿದರು: ಗುಲಾಮಗಿರಿಯನ್ನು ಸಮರ್ಥಿಸಿದ, ಹೆಂಗಸರನ್ನು ಕೀಳಾಗಿ ಕಂಡ ಅರಿಸ್ಟಾಟಲ್ ನಮಗೇಕೆ ಗುಣ ಕಲಿಸಬೇಕು? ಆಕ್ಷೇಪ ನ್ಯಾಯವಾದದ್ದು, ಅವನು ಆ ಎರಡನ್ನೂ ಮಾಡಿದ್ದಾನೆ. ಅದರಲ್ಲಿ ನನಗೆ ಒಂದು ಎಚ್ಚರಿಕೆ ಕಾಣುತ್ತದೆ. ಸುತ್ತಲಿನವರು ಹೊಗಳುವ ಗುಣಗಳನ್ನೇ ಅಭ್ಯಾಸ ಮಾಡುತ್ತಾ ಹೋದರೆ, ಸುತ್ತಲಿನವರ ಕುರುಡೂ ನಮ್ಮದಾಗುತ್ತದೆ. ಅದಕ್ಕೇ ನಮ್ಮ ಬಳಗದ ಹೊರಗಿನವರ ದೂರನ್ನು ಕೇಳಿಸಿಕೊಳ್ಳಬೇಕು. ಅವನ ದಾರಿಯನ್ನು ಮತ್ತೆ ತೆರೆದ ಆನ್ಸ್‌ಕಂಬ್, ಫುಟ್ ಇಬ್ಬರೂ ಹೆಂಗಸರು ಎಂಬುದನ್ನೂ ನೆನೆಯುತ್ತೇನೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಯುವತಿ ಎದ್ದು ಕೇಳಿದಳು: ಆ ಹುಡುಗನಿಗೆ ಹೇಳಿದಿರಾ?

ಹೇಳಿದೆ. ಎಂಟು ತಿಂಗಳು ಆದಮೇಲೆ. ಮೊದಲು ಮೇಲಿನವರಿಗೆ ಹೇಳಿ, ಆಮೇಲೆ ಅವನ ಹತ್ತಿರ ಹೋದೆ. ಅವನು ಕೋಪ ಮಾಡಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ರಾತ್ರಿ ಪೂರ್ತಿ ಕೂತು ನನ್ನ ಲೆಕ್ಕವನ್ನೆಲ್ಲ ಮತ್ತೆ ಮತ್ತೆ ಮಾಡಿದೆ, ಎಲ್ಲಿ ತಪ್ಪಿದೆ ಎಂದು ಸಿಗಲೇ ಇಲ್ಲ ಅಂದ.